ಮಳೆ ಬೇಡವೆಂದು ಬೆಟ್ಟ ಹತ್ತಿದ್ದು

ವಾಯುಭಾರ ಕುಸಿತ ಎಂಬ ಮಾತು ಕಿವಿಗೆ ಬಿದ್ದರೆ ನಿಮಗೆ ಏನನ್ನಿಸುತ್ತದೋ ನನಗೆ ಗೊತ್ತಿಲ್ಲ. ಕರಾವಳಿಯವರಿಗೆ ದೋಣಿಯನ್ನು ದಡಕ್ಕೆ ಎಳೆಯುವ ಯೋಚನೆ ಬರುತ್ತದಂತೆ. ಬೆಂಗಳೂರಿನವರಿಗೆ ಅಂಡರ್‌ಪಾಸಿನಲ್ಲಿ ನೀರು ನಿಂತು ಸ್ಕೂಟರ್ ಕೆಡುವ ಯೋಚನೆ ಬರುತ್ತದಂತೆ. ಚಳ್ಳಕೆರೆಯ ನಮಗೆ ಮಾತ್ರ ಆ ಮಾತು ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಮುಂಗಾರಿನಲ್ಲಿ ರಾಜ್ಯಕ್ಕೆಲ್ಲ ಮಳೆ ಹಂಚುತ್ತಾ ಬರುವ ಮೋಡಗಳು ಘಟ್ಟದಲ್ಲೇ ಚೀಲ ಖಾಲಿ ಮಾಡಿಕೊಂಡು, ನಮ್ಮ ಕಡೆ ಬರುವಾಗ ಕೈಬೀಸಿಕೊಂಡು ಬರುತ್ತವೆ. ಗಾಳಿ ಬೀಸುತ್ತದೆ, ಒಗೆದ ಬಟ್ಟೆ ಹಾರುತ್ತದೆ, ಅಲ್ಲಿಗೆ ನಮ್ಮ ಮುಂಗಾರು ಮುಗಿಯಿತು. ನಮಗೆ ನಿಜವಾದ ಮಳೆ ಅಂದರೆ ದೀಪಾವಳಿಯ ಆಸುಪಾಸಿನಲ್ಲಿ ಪೂರ್ವದ ಸಮುದ್ರದಲ್ಲಿ ಏನೋ ಎಡವಟ್ಟಾಗಿ, ಅದರ ಬಾಲ ಇಲ್ಲಿಯವರೆಗೆ ಬಂದು ಬೀಳುವ ಸೋನೆ. ಬೇರೆಯವರ ಮನೆಯ ಹೆಂಚು ಹಾರಿದಾಗ ನಮ್ಮ ಹೊಲ ನೆನೆಯುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇರುವುದು ಹಾಗೆಯೇ. ಬಸ್ ಸ್ಟ್ಯಾಂಡಿನ ಹತ್ತಿರ ಖಾದರ್ ಸಾಬರ ಟೀ ಅಂಗಡಿಯಲ್ಲಿ ಒಂದು ಟೀವಿ ಇದೆ. ಅದರಲ್ಲಿ ಹವಾಮಾನದ ಹುಡುಗಿ ನಕ್ಷೆಯ ಬಲಗಡೆ ಕೈ ತೋರಿಸಿ ‘ಅಂಡಮಾನ್ ಸಮುದ್ರದಲ್ಲಿ ವಾಯುಭಾರ ಕುಸಿತ’ ಎಂದಳೋ, ಅಂಗಡಿಯಲ್ಲಿದ್ದವರೆಲ್ಲ ಲೋಟ ಕೆಳಗಿಟ್ಟು ನೆಟ್ಟಗೆ ಕೂರುತ್ತಾರೆ. ಅಂಡಮಾನ್ ಸಮುದ್ರ ಎಂದರೆ ನಮ್ಮ ಪಾಲಿಗೆ ಮಳೆಯ ತವರುಮನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ಚಂಡಮಾರುತದ ಪಾಠವನ್ನು ಎಷ್ಟು ವರ್ಷದಿಂದ ಮಾಡುತ್ತಾ ಬಂದಿದ್ದೇನೆಂದರೆ, ಅದರ ಸುಳಿಯನ್ನು ಬೋರ್ಡಿನ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲೆ. ಸುಳಿಯ ನಡುವೆ ಒಂದು ಚುಕ್ಕೆ ಇಟ್ಟು, ‘ಇದು ಚಂಡಮಾರುತದ ಕಣ್ಣು, ಇಲ್ಲಿ ಎಲ್ಲ ಶಾಂತ’ ಎನ್ನುವಾಗ ನನ್ನ ದನಿಗೆ ಒಂದು ಗತ್ತು ಬರುತ್ತದೆಂದು ಹಿಂದಿನ ಬೆಂಚಿನವರು ನಗುವುದುಂಟು. ಪರಿಣಾಮಗಳು ಎಂಬ ತಲೆಬರಹದ ಕೆಳಗೆ ಬರೆಸುತ್ತೇನೆ: ಪ್ರಾಣಹಾನಿ, ಬೆಳೆಹಾನಿ, ಸಾರಿಗೆ ಸಂಪರ್ಕ ಅಸ್ತವ್ಯಸ್ತ. ಇಷ್ಟು ಬರೆದವರಿಗೆ ಪೂರ್ತಿ ಅಂಕ. ಸಾರಿಗೆ ಸಂಪರ್ಕ ಎಂದಾಗ ನನ್ನ ಕಣ್ಣ ಮುಂದೆ ಒಂದು ರೈಲು ಹಳಿ, ವಾಲಿದ ಒಂದು ಕರೆಂಟು ಕಂಬ ಬರುತ್ತಿತ್ತೇ ಹೊರತು, ನೀಲಿ ಸೀರೆ ಉಟ್ಟು, ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು, ಕಿಟಕಿ ಪಕ್ಕ ಕೂತ ಹೆಂಗಸೊಬ್ಬಳು ಅದರೊಳಗೆ ಇರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ. ಈ ಸಲ ಇದ್ದಳು. ಅವಳು ನನ್ನ ಹೆಂಡತಿ ಪದ್ಮ.

ಪದ್ಮನ ತಮ್ಮ ತಿಪ್ಪೇಶ ಅಂಡಮಾನಿನಲ್ಲಿ ರಸ್ತೆ ಮಾಡುವ ಕಂಪನಿಯೊಂದರಲ್ಲಿ ರೋಲರ್ ಓಡಿಸುತ್ತಾನೆ. ಊರಲ್ಲಿ ರಸ್ತೆಯೇ ಇಲ್ಲವೇ, ಅಷ್ಟು ದೂರ ಹೋಗಿ ರೋಲರ್ ಓಡಿಸಬೇಕೇ ಎಂದು ನಾವು ಕೇಳಿ ಸೋತಿದ್ದೇವೆ. ಅವನ ಹೆಂಡತಿಗೆ ಚೊಚ್ಚಲ ಹೆರಿಗೆಯಾಯಿತು. ಆ ಹುಡುಗಿಯ ತಾಯಿಗೆ ಮಂಡಿನೋವು, ಮನೆಯ ಹೊಸಿಲು ದಾಟುವುದೇ ಕಷ್ಟ. ಹೀಗಾಗಿ ಬಾಣಂತನಕ್ಕೆ ಪದ್ಮನೇ ಹೊರಟಳು. ಅಲ್ಲಿಗೆ ಹೋಗಲು ಹಡಗು ಇಲ್ಲವೇ ವಿಮಾನ, ಬೇರೆ ದಾರಿ ಇಲ್ಲ. ನಮ್ಮಿಬ್ಬರ ಪೈಕಿ ಯಾರೂ ಅದುವರೆಗೆ ವಿಮಾನ ಹತ್ತಿದವರಲ್ಲ. ನಾನು ಭಯಪಟ್ಟೆ, ಅವಳು ಗಂಟು ಕಟ್ಟಿದಳು. ಶುಂಠಿ, ಬೆಳ್ಳುಳ್ಳಿ, ಅಂಟಿನುಂಡೆ, ಶೇಂಗಾ ಚಟ್ನಿಪುಡಿ, ಎಲ್ಲದರ ಮೇಲೆ ಚಳ್ಳಕೆರೆಯ ಒಂದು ಕರಿ ಕಂಬಳಿ.

“ಅಲ್ಲಿ ಮೈ ಬೇಯುವಷ್ಟು ಸೆಕೆ ಅಂತೆ, ಕಂಬಳಿ ಯಾಕೆ?” ಎಂದೆ.

“ಸೆಕೆ ಊರಿಗೆ, ಬಾಣಂತಿಗಲ್ಲ. ಕಂಬ್ಳಿ ಮ್ಯಾಲೆ ಕೂರದಿದ್ರೆ ಸೊಂಟ ಹಿಡ್ಕಂಡು ಬಿಡುತ್ತೆ. ನಿಮಗೇನ್ ಗೊತ್ತು” ಎಂದು ಇನ್ನೊಂದು ಗಂಟು ಬಿಗಿದಳು. ಏರ್‌ಪೋರ್ಟಿನ ತಪಾಸಣೆಯಲ್ಲಿ ಆ ಕಂಬಳಿಯನ್ನು ಬಿಡಿಸಿ, ತಿರುಗಿಸಿ, ಮೂಸಿ ನೋಡಿದರಂತೆ. ಪದ್ಮ ಅರ್ಧ ಕನ್ನಡದಲ್ಲಿ ಅರ್ಧ ತೆಲುಗಿನಲ್ಲಿ ಕಂಬಳಿಯ ಗುಣವನ್ನು ವಿವರವಾಗಿ ಹೇಳಿದ ಮೇಲೆ, ಪೊಲೀಸಿನ ಹೆಣ್ಣುಮಗಳೊಬ್ಬಳು ತನಗೂ ಒಂದು ತರಿಸಿಕೊಡಲು ಆಗುತ್ತದಾ ಎಂದು ಕೇಳಿದಳಂತೆ. ಇದನ್ನೆಲ್ಲ ಅವಳು ಫೋನಿನಲ್ಲಿ ಹೇಳಿದಳು. ವಿಮಾನ ಹೇಗಿತ್ತು ಎಂದು ಕೇಳಿದರೆ, ‘ಬಸ್ಸಿದ್ದಂಗೆ ಐತೆ, ಕಿಟಕಿ ಮಾತ್ರ ತೆಗೆಯಾಕಾಗಲ್ಲ’ ಎಂದಳು.

ಅವಳು ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಮಗಳು ದಾವಣಗೆರೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ, ದಿನಾ ಫೋನು ಮಾಡಿ ‘ಅಪ್ಪ, ಉಂಡ್ಯಾ’ ಎನ್ನುತ್ತಾಳೆ. ಉಂಡೆ ಎನ್ನುತ್ತೇನೆ. ಏನು ಉಂಡೆ ಎಂದು ಅವಳು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ನಾನು ಮಾಡುವ ಸಾರಿಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ಅಡುಗೆಯ ಮಾತು ಬಿಡಿ, ಅದು ಹೇಗೋ ನಡೆಯುತ್ತದೆ. ಬಾಗಿಲು ತೆಗೆದು ಒಳಗೆ ಬಂದಾಗ ‘ಚಪ್ಪಲಿ ಅಲ್ಲೇ ಬಿಡ್ರಿ’ ಎಂಬ ದನಿ ಕೇಳದಿದ್ದರೆ ಮನುಷ್ಯನಿಗೆ ತಾನು ಯಾರ ಮನೆಗೆ ಬಂದೆನೋ ಎನಿಸುತ್ತದೆ. ನಾನು ದಿನವೂ ಚಪ್ಪಲಿಯನ್ನು ಅಲ್ಲೇ ಬಿಟ್ಟೆ.

ಈ ನಡುವೆ ಊರಿನಿಂದ ಕರೆ ಬಂತು. ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಪಕ್ಕದ್ದು. ಅಣ್ಣ ಓಬಣ್ಣ ಅಲ್ಲೇ ಇದ್ದುಕೊಂಡು ಹೊಲ ನೋಡಿಕೊಳ್ಳುತ್ತಾನೆ. ಹಿಂಗಾರಿ ಮಳೆ ತಡವಾದ ವರ್ಷ ನಮ್ಮೂರಿನವರು ಮನೆಗೊಂದು ಕೊಡದಂತೆ ನೀರು ಹೊತ್ತು ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿ ಅಭಿಷೇಕ ಮಾಡಿಸುತ್ತಾರೆ. ಕೆಳಗಿನಿಂದ ಹೊರಟವರು ನೀರು ಸುರಿಯುವವರೆಗೂ ಮಾತಾಡಬಾರದು. ಸುರಿಯುವಾಗ ಮಳೆಯನ್ನೊಂದು ಬಿಟ್ಟು ಬೇರೆ ಏನನ್ನೂ ಕೇಳಬಾರದು. ಪ್ರತಿಸಲ ನಮ್ಮ ಮನೆಯ ಕೊಡವನ್ನು ಪದ್ಮ ಹೊರುತ್ತಿದ್ದಳು. ಈ ಸಲ ಅವಳಿಲ್ಲ, ನಿನ್ನ ಕೊಡದಲ್ಲೇ ನಮ್ಮದನ್ನೂ ಸೇರಿಸಿಕೋ ಎಂದು ನಾನು ಅಣ್ಣನಿಗೆ ಹೇಳಿ ನೋಡಿದೆ.

“ಒಲೆ ಬ್ಯಾರೆ ಆಗೈತಲ್ಲಲೇ, ಕೊಡನೂ ಬ್ಯಾರೆ. ನೀನೇ ಹೊರು. ಮೇಷ್ಟ್ರು ಹೊರಬಾರ್ದು ಅಂತ ಎಲ್ಲೂ ಬರ್ದಿಲ್ಲ” ಎಂದ ಅಣ್ಣ.

ಹೆಂಗಸರ ಸಾಲಿನಲ್ಲಿ ಪಂಚೆ ಎತ್ತಿಕಟ್ಟಿ, ಹೆಗಲ ಮೇಲೆ ಕೊಡ ಇಟ್ಟುಕೊಂಡು, ನಾನೂ ಹತ್ತಿದೆ. ಮಾತಾಡುವ ಹಾಗಿಲ್ಲದ್ದರಿಂದ ಅವರು ನಗುವುದನ್ನೂ ತಡೆದುಕೊಂಡಿದ್ದರು, ಪಾಪ, ಒಬ್ಬಿಬ್ಬರಿಗೆ ಕೊಡವೇ ಕುಲುಕುತ್ತಿತ್ತು. ಮೇಲೆ ಹೋಗಿ ನೀರು ಸುರಿದು, ಮಳೆ ಬರಲಿ ಎಂದು ಕೇಳಿದೆ. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ, ಕೆಲಸ ಮುಗಿದರೆ ಸಾಕು ಎಂಬಂತೆ ಕೇಳಿದೆನೆಂಬುದನ್ನೂ ಹೇಳಿಬಿಡುತ್ತೇನೆ. ಅದಾದ ಸ್ವಲ್ಪ ದಿನಕ್ಕೆ ಖಾದರ್ ಸಾಬರ ಟೀವಿಯಲ್ಲಿ ಹವಾಮಾನದ ಹುಡುಗಿ ನಕ್ಷೆಯ ಬಲಗಡೆಗೆ ಕೈ ಎತ್ತಿದಳು.

ಅಂಗಡಿಯಲ್ಲಿ ಸಂಭ್ರಮವೋ ಸಂಭ್ರಮ. “ಈ ಸಲ ಜೋರ್ ಐತಂತೆ ಮೇಷ್ಟ್ರೇ. ತೂಫಾನ್ ಆಗುತ್ತಂತೆ. ಚೆನ್ನೈ ಮ್ಯಾಲೆ ಬಂದು ಸೀದಾ ನಮ್ ಕಡೆ” ಎಂದು ಖಾದರ್ ಸಾಬರು ನಕ್ಷೆಯಲ್ಲಿನ ದಾರಿಯನ್ನು ಟೀ ಸೋಸುವ ಜಾಲರಿಯಿಂದ ತೋರಿಸಿದರು. ನಾನೂ ಎಲ್ಲರ ಜೊತೆ ನಕ್ಕೆ. ಅಭ್ಯಾಸ ನೋಡಿ. ಲೋಟವನ್ನು ಬಾಯಿಗೆ ಇಟ್ಟಾಗ ನನಗೆ ಹೊಳೆಯಿತು. ಪದ್ಮ ಹೊರಡುವುದು ಅಂಡಮಾನಿನಿಂದ. ಚೆನ್ನೈಗೆ ಬಂದು ವಿಮಾನ ಬದಲಿಸಿ, ಅಲ್ಲಿಂದ ಸೀದಾ ನಮ್ಮ ಕಡೆ. ದಿನ ಬರುವ ಗುರುವಾರ. ಹವಾಮಾನದ ಹುಡುಗಿ ಹೇಳಿದ ದಿನವೂ ಅದೇ. ಪದ್ಮನೂ ತೂಫಾನೂ ಒಂದೇ ಊರಿನಿಂದ, ಒಂದೇ ದಾರಿ ಹಿಡಿದು, ಒಂದೇ ದಿನ ನನ್ನ ಮನೆಗೆ ಹೊರಟು ನಿಂತಿದ್ದರು. ಕುಡಿಯದೆ ಲೋಟ ಕೆಳಗಿಟ್ಟೆ.

ಆ ವಾರ ನಾನು ಮೇಷ್ಟ್ರಾಗಿ ಉಳಿಯಲಿಲ್ಲ. ಮಗಳು ನನ್ನ ಫೋನಿಗೆ ಎರಡು ಆಪ್ ಹಾಕಿಕೊಟ್ಟಿದ್ದಳು. ಒಂದರಲ್ಲಿ ಆಕಾಶದಲ್ಲಿರುವ ವಿಮಾನಗಳೆಲ್ಲ ಹಳದಿ ಚಿಟ್ಟೆಗಳ ಹಾಗೆ ಕಾಣುತ್ತವೆ, ಇನ್ನೊಂದರಲ್ಲಿ ಗಾಳಿ ಸುತ್ತುವುದು ಬಣ್ಣಬಣ್ಣವಾಗಿ ಕಾಣುತ್ತದೆ. ಅಪ್ಪನಿಗೆ ಧೈರ್ಯ ಬರಲಿ ಎಂದು ಹಾಕಿದ್ದು. ಬಂದದ್ದು ಬೇರೆ. ಸುಳಿಯನ್ನು ಬೋರ್ಡಿನ ಮೇಲೆ ಬರೆದು ಅದರ ಕಣ್ಣಿಗೆ ಚುಕ್ಕೆ ಇಡುವುದು ಸುಲಭ. ಅದೇ ಸುಳಿ ಅಂಗೈಯಲ್ಲಿ ಕೆಂಪಗೆ ತಿರುಗುತ್ತಿದ್ದರೆ ಪಾಠ ಮರೆತುಹೋಗುತ್ತದೆ. ಕ್ಲಾಸಿನಲ್ಲಿ ಒಬ್ಬಳು ಎದ್ದುನಿಂತು, “ಸಾರ್, ನಮ್ಮೂರಿಗೆ ಚಂಡಮಾರುತ ಬರ್ತೈತಂತೆ, ಖುಷಿ ಅಲ್ವಾ ಸಾರ್” ಎಂದಳು. ನಾನು ಪರಿಣಾಮಗಳನ್ನು ಹತ್ತು ಸಲ ಬರೆದುಕೊಂಡು ಬಾ ಎಂದು ಗದರಿದೆ. ಆಮೇಲೆ ಪಾಪ ಅನ್ನಿಸಿ, ಬೇಡ, ಒಂದು ಸಲ ಸಾಕು ಎಂದೆ.

ಪದ್ಮನಿಗೆ ಫೋನು ಮಾಡಿದೆ. ಟಿಕೆಟ್ ಮುಂದಕ್ಕೆ ಹಾಕಿಸು, ಬೇಡ, ಹಿಂದಕ್ಕೆ ಹಾಕಿಸಿ ನಾಳೆಯೇ ಹೊರಡು, ಅದೂ ಬೇಡ, ಹಡಗಿನಲ್ಲಿ ಬಾ, ಹಡಗು ಖಂಡಿತ ಬೇಡ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆಯಿಂದ ಮಗು ಅಳುವುದು, ಕುಕ್ಕರ್ ಕೂಗುವುದು ಎಲ್ಲ ಕೇಳಿಸಿತು.

“ಏನ್ರಿ, ನೀವು ಉಂಡಿಲ್ವಾ?” ಎಂದಳು. ನಾನು ಗಾಬರಿಯಾದಾಗಲೆಲ್ಲ ಅವಳು ಕೇಳುವ ಮೊದಲ ಪ್ರಶ್ನೆ ಅದು. “ಇಲ್ಲಿ ಬರೇ ತುಂತುರು. ತೆಂಗಿನ ಮರ ಒಸಿ ಅಲ್ಲಾಡ್ತಾವೆ. ಹಾರಾಕೆ ಆಗ್ಲಿಲ್ಲ ಅಂದ್ರೆ ಅವರೇ ಹಾರ್ಸಲ್ಲ. ಡ್ರೈವರ್‌ಗೂ ಮನೆ ಮಠ ಇರಲ್ವಾ?”

ಪೈಲಟ್ಟನ್ನು ಅವಳು ಡ್ರೈವರ್ ಎಂದದ್ದರಿಂದ ನನಗೆ ಏಕೋ ಇನ್ನಷ್ಟು ಭಯವಾಯಿತು. ನಮ್ಮ ಕಡೆಯ ಬಸ್ ಡ್ರೈವರುಗಳು ನನ್ನ ಕಣ್ಣ ಮುಂದೆ ಬಂದರು. ಹಿರಿಯೂರಿನ ದಾರಿಯಲ್ಲಿ ಎದುರಿನ ಲಾರಿಗೆ ದಾರಿ ಬಿಡಬಾರದೆಂಬ ಹಟಕ್ಕೆ ಬಿದ್ದವರನ್ನು ನಾನು ನೋಡಿದ್ದೇನೆ. ಅಂಥವನೊಬ್ಬ ಮೋಡದ ಎದುರು ಹಟಕ್ಕೆ ಬಿದ್ದರೆ ಏನು ಗತಿ. ಈ ಯೋಚನೆಯನ್ನು ಅವಳಿಗೆ ಹೇಳಲಿಲ್ಲ, ಉಂಡಿದ್ದೇನೆ ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ಅಣ್ಣನ ಫೋನು. ಅವನು ಫೋನಿನಲ್ಲಿ ಮಾತಾಡುವುದೇ ಅಪರೂಪ, ಮಾತಾಡಿದರೆ ನಡುವೆ ಫೋನು ಇದೆ ಎಂಬುದನ್ನು ನಂಬದೆ ಕೂಗುತ್ತಾನೆ. “ಲೇ ಪಾಲ, ಕೇಳಿದ್ಯಾ? ನಿನ್ ಕೊಡ ಫಲ ಕೊಡ್ತು ಕಣಲೇ. ಊರಾಗೆಲ್ಲ ಮೇಷ್ಟ್ರು ಸುರುದ್ರು ಮಳೆ ಬಂತು ಅಂತಾವ್ರೆ. ಮುಂದ್ಲ ವರ್ಷನೂ ನಿನ್ನೇ ಹೊರ್ಸಾದು ಅಂತ ಮಾತಾಡ್ಕಂಡವ್ರೆ. ಹೊಲ ಹದ ಮಾಡಿ ಇಟ್ಟೀನಿ. ಒಂದೇ ಒಂದು ಹದ ಮಳೆ ಬಿದ್ರೆ ಸಾಕು, ಕಡ್ಲೆ ಬಿತ್ತಿ ಕೈ ತೊಳ್ಕಂತೀನಿ.” ಅವನ ದನಿಯಲ್ಲಿದ್ದ ಸಂತೋಷ ಕೇಳಿ ನನಗೆ ಪದ್ಮನ ವಿಷಯ ಹೇಳಲು ಬಾಯಿ ಬರಲಿಲ್ಲ. ಇಡೀ ಸೀಮೆಯೇ ಆಕಾಶದ ಕಡೆ ಮುಖ ಮಾಡಿ ‘ಬಾ’ ಎನ್ನುತ್ತಿರುವಾಗ, ‘ಬೇಡ’ ಎನ್ನುವವನು ಒಬ್ಬನೇ ಒಬ್ಬನಿದ್ದ. ಅವನನ್ನೇ ಊರವರು ಮಳೆ ತಂದವನೆಂದು ಹೊಗಳುತ್ತಿದ್ದರು.

ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ, ಬೈಕು ಹತ್ತಿ ಸೀದಾ ಬೆಟ್ಟಕ್ಕೆ ಹೋದೆ. ಕೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಬರುತ್ತದೋ ಇಲ್ಲವೋ ವಿಚಾರಿಸಿ ನೋಡೋಣ ಎಂದು. ಇಂಥದ್ದನ್ನೆಲ್ಲ ನಾನು ನಂಬುತ್ತೇನೆಯೇ ಎಂದು ನೀವು ಕೇಳಬಹುದು. ಹೆಂಡತಿ ಮನೆಯಲ್ಲಿದ್ದಾಗ ನಂಬುವುದಿಲ್ಲ. ಮೆಟ್ಟಿಲು ಹತ್ತುತ್ತಾ ಹೋದಂತೆ ಈ ಬೆಟ್ಟದ ಸ್ಥಳಪುರಾಣ ಬೇಡಬೇಡವೆಂದರೂ ನೆನಪಿಗೆ ಬಂತು. ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತಿರುವ ಕತೆ. ಹಿಂದೆ ಒಬ್ಬ ಹೆಣ್ಣುಮಗಳು ವಿಮಾನದಲ್ಲಿ ಹೋಗುತ್ತಿರುವಾಗ ಆಕಾಶದಲ್ಲಿ ದೊಡ್ಡ ಗಲಾಟೆಯಾಗಿ, ಕಾಪಾಡಲು ಬಂದ ಹಕ್ಕಿ ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಇಲ್ಲೇ. ವಿಮಾನ, ಹೆಣ್ಣುಮಗಳು, ಮುರಿದ ರೆಕ್ಕೆ. ಇಡೀ ಜಿಲ್ಲೆಯಲ್ಲಿ ಇಷ್ಟು ದೇವಸ್ಥಾನ ಇರುವಾಗ ನಾನು ಹುಡುಕಿಕೊಂಡು ಬಂದದ್ದು ಈ ಜಾಗಕ್ಕೆ. ವಾಪಸ್ ಹೋಗೋಣವೆಂದರೆ ಅರ್ಧಕ್ಕಿಂತ ಹೆಚ್ಚು ಹತ್ತಿಯಾಗಿತ್ತು, ಮಂಡಿ ಇಳಿಯಲೂ ಒಪ್ಪುತ್ತಿರಲಿಲ್ಲ. ಹಳೇ ಶಾಸನದ ಬಂಡೆಯ ಹತ್ತಿರ ಮಾತ್ರ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಅಲ್ಲಿ ನಿಂತು ಫೋನು ತೆರೆದೆ. ಸುಳಿ ಬೆಳಗ್ಗೆಗಿಂತ ದಪ್ಪಗಾಗಿತ್ತು.

ಪೂಜಾರಿ ಅಯ್ಯನವರು ಗರ್ಭಗುಡಿಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದರು. “ಬರ್ರಿ ಮೇಷ್ಟ್ರೇ. ನೋಡಿದ್ರಾ, ನೀವು ಸುರುದ ನೀರು ಸುಮ್ಕೆ ಹೋಗ್ಲಿಲ್ಲ. ಟೀವಿನಾಗೆ ಬರ್ತೈತಂತೆ. ಹಣ್ಣುಕಾಯಿ ಮಾಡಿಸ್ತೀರಾ?”

“ಮಾಡಿಸ್ತೀನಿ ಅಯ್ಯನೋರೇ. ಆದ್ರೆ ಆ ಮಳೆನ ಸ್ವಲ್ಪ ತಡಿಯೋಕೆ ಆಗುತ್ತಾ ಅಂತ ಕೇಳೋಣ ಅಂತ ಬಂದೆ.”

ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು. “ವಾನ ವದ್ದಾ?” ಎಂದರು. ಗಡಿ ಸೀಮೆಯವರಾದ್ದರಿಂದ ಅವರಿಗೆ ಗಾಬರಿಯಾದಾಗ ತೆಲುಗು ಬರುತ್ತದೆ. ಮಳೆ ಬೇಡವಾ ಎಂದು ಕೇಳಿದ್ದು ಅದು. ಸುತ್ತ ಯಾರಾದರೂ ಇದ್ದಾರಾ ಎಂದು ನೋಡಿ, ದನಿ ತಗ್ಗಿಸಿದರು. “ಮೇಷ್ಟ್ರೇ, ನಮ್ಮಪ್ಪ ಇಲ್ಲಿ ಪೂಜೆ ಮಾಡಿದ್ರು, ಅವರಪ್ಪನೂ ಮಾಡಿದ್ರು. ಮಳೆ ಬರ್ಲಿ ಅನ್ನಾಕೆ ನಮ್ಮತ್ರ ಎಲ್ಲಾ ಐತೆ. ನಿಲ್ಲು ಅನ್ನಾಕೆ ಏನೂ ಇಲ್ಲ. ಈ ಸೀಮೆನಾಗೆ ಇಲ್ಲೀಗಂಟ ಯಾರೂ ಕೇಳೇ ಇಲ್ಲ. ಅಂಥಾದ್ದೇನಾದ್ರೂ ಬೇಕಂದ್ರೆ ಘಟ್ಟದ ಕಡೆ ದೇವ್ರನ್ನ ಕೇಳ್ಬೇಕೇನಪ್ಪ. ನಮ್ ಸ್ವಾಮಿಗೆ ಇದು ರೂಢಿ ಇಲ್ಲ.”

ನಾನು ಎಲ್ಲವನ್ನೂ ಹೇಳಿದೆ. ಅಂಡಮಾನ್, ಬಾಣಂತನ, ಚೆನ್ನೈ, ಗುರುವಾರ. ಹೇಳುತ್ತಾ ಹೇಳುತ್ತಾ ನನ್ನ ದನಿ ಒಡೆಯಿತು. ಊರಿನಲ್ಲಿ ಯಾರ ಮುಂದೆಯೂ ಹೇಳದೆ ಕಟ್ಟಿಕೊಂಡಿದ್ದದ್ದು ಅಲ್ಲಿ ಹೊರಗೆ ಬಂತು. ನನಗೆ ಭಯವಾಗಿದೆ ಅಯ್ಯನೋರೇ ಎಂದೆ. ಅವಳಿಗೆ ಏನಾದರೂ ಆದರೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಯ ಬೀಗ ತೆಗೆಯಲಿ ಎಂದೆ. ಅವರು ಬತ್ತಿಯ ಹತ್ತಿಯನ್ನು ತಟ್ಟೆಗೆ ಹಾಕಿ ಎದ್ದರು.

“ಅಮ್ಮೋರು ವಿಮಾನ್ದಾಗೆ ಬರ್ತಾವ್ರೆ ಅಂತ ಮೊದ್ಲೇ ಹೇಳ್ಬಾರ್ದಾ? ಬರ್ರಿ. ಮಳೆ ಇಚಾರ ನಾನು ಎತ್ತಲ್ಲ. ಎತ್ತಿದೆ ಅಂತ ಗೊತ್ತಾದ್ರೆ ಊರೋರು ನನ್ನೇ ಬೆಟ್ಟ ಇಳಿಸ್ತಾರೆ. ಅಮ್ಮೋರ ಹೆಸ್ರಿಗೆ ಅರ್ಚನೆ ಮಾಡ್ತೀನಿ. ನೀವು ಏನ್ ಕೇಳ್ಕಂತೀರೋ ಮನಸ್ನಾಗೆ ಕೇಳ್ಕಳ್ರಿ. ನಾನು ಗಂಟೆ ಬಾರಿಸ್ತಿರ್ತೀನಿ, ನಂಗೆ ಕೇಳ್ಸಲ್ಲ.”

ಅವರು ನಿಜವಾಗಿಯೂ ಜೋರಾಗಿ ಗಂಟೆ ಬಾರಿಸಿದರು. ನಾನು ಕೈಮುಗಿದು ಕಣ್ಣುಮುಚ್ಚಿದೆ. ಒಂದು ದಿನ ತಡವಾಗಿ ಬರಲಿ ಎಂದು ಕೇಳುವುದೆಂದು ಮೆಟ್ಟಿಲು ಹತ್ತುವಾಗ ತೀರ್ಮಾನಿಸಿದ್ದೆ. ನ್ಯಾಯವಾದ ಬೇಡಿಕೆ, ಯಾರಿಗೂ ನಷ್ಟವಿಲ್ಲ. ಆದರೆ ಗಂಟೆ ಮೊಳಗುತ್ತಲೇ ಇತ್ತು, ನನ್ನ ಬೇಡಿಕೆ ಬೆಳೆಯುತ್ತಲೇ ಹೋಯಿತು. ಒಂದು ದಿನ ಹೋಗಿ ಒಂದು ವಾರವಾಯಿತು. ಆಮೇಲೆ, ಮಳೆ ಬಾರದಿದ್ದರೂ ಸರಿ ತಂದೆ, ಈ ವರ್ಷವೆಲ್ಲ ಬಾರದಿದ್ದರೂ ಸರಿ, ನನ್ನ ಪದ್ಮ ಮನೆಗೆ ಬಂದರೆ ಸಾಕು, ನನಗೆ ಇನ್ನೇನೂ ಬೇಡ ಎಂದುಬಿಟ್ಟೆ. ನನ್ನ ಜೀವಮಾನದಲ್ಲಿ ದೇವರ ಮುಂದೆ ನಿಂತು ಅಷ್ಟು ಪೂರ್ತಿಯಾಗಿ ನಾನು ಏನನ್ನೂ ಕೇಳಿದವನಲ್ಲ. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು, ಅಯ್ಯನವರು ಬೇರೆ ಕಡೆ ನೋಡುತ್ತಿದ್ದರು.

ಕೆಳಗಿಳಿದು ಬಂದರೆ, ನನ್ನ ಬೈಕಿನ ಮೇಲೆ ಅಣ್ಣ ಓಬಣ್ಣ ಕೂತಿದ್ದ. ಹಳ್ಳಿಯಲ್ಲಿ ಬೈಕು ನಿಲ್ಲಿಸಿ ಗುಟ್ಟಾಗಿ ಏನನ್ನಾದರೂ ಮಾಡುತ್ತೇನೆಂದುಕೊಂಡ ನನ್ನ ಬುದ್ಧಿಗೆ ಏನು ಹೇಳುವುದು. “ಏನಲೇ, ಮತ್ತೆ ಬೆಟ್ಟ ಹತ್ತಿದ್ಯಂತೆ? ಮನೆಗೂ ಬರ್ದೆ?” ಎಂದ. ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಪದ್ಮ ಬರುವ ದಿನ ಯಾವುದೆಂದು ಹೇಳಿದೆ. ಮೇಲೆ ಏನು ಕೇಳಿಕೊಂಡೆನೆಂಬುದನ್ನೂ ಹೇಳಿದೆ, ವರ್ಷವೆಲ್ಲ ಎಂಬ ಭಾಗವನ್ನು ಮಾತ್ರ ನುಂಗಿಕೊಂಡೆ. ಅಣ್ಣ ಬೈಕಿನಿಂದ ಇಳಿದು ತನ್ನ ಹೊಲದ ಕಡೆ ನೋಡಿದ. ಉತ್ತು ಹರಗಿ ನುಣ್ಣಗೆ ಮಾಡಿದ ಎರೆಭೂಮಿ, ಅಲ್ಲಿಂದ ಕಾಣುತ್ತಿತ್ತು.

“ಒಂದ್ ಮಾತು ಹೇಳ್ಲಿಲ್ವಲ್ಲಲೇ ನಂಗೆ” ಎಂದ. “ನಾನು ಊರೆಲ್ಲ ಕುಣ್ಕಂಡು ತಿರುಗ್ತಾ ಇದೀನಿ. ಬೀಜ ಚೀಲದಾಗಿದ್ರೆ ಕೆಡಲ್ಲ ಕಣಲೇ. ಮೊದ್ಲು ಅವಳು ಬರ್ಲಿ. ನಡಿ, ಉಂಡು ಹೋಗು, ಮುಖ ಒಣಗೈತೆ.” ಅತ್ತಿಗೆ ಬಡಿಸಿದ ಮುದ್ದೆಯನ್ನು ಆ ದಿನ ಹೇಗೆ ನುಂಗಿದೆನೋ ನನಗೇ ಗೊತ್ತಿಲ್ಲ. ಅಣ್ಣ ಬೈದಿದ್ದರೆ ಸಲೀಸಾಗಿ ಇಳಿಯುತ್ತಿತ್ತು.

ಬುಧವಾರ ಬೆಳಗ್ಗೆಯಿಂದ ಪದ್ಮನ ಫೋನು ಸತ್ತಿತು. ತಿಪ್ಪೇಶನದೂ ಸತ್ತಿತು. ಗಾಳಿಗೆ ಟವರ್ ಹೋಗಿರುತ್ತದೆ, ಅಷ್ಟೇ ಎಂದು ಮಗಳು ದಾವಣಗೆರೆಯಿಂದ ಹೇಳಿದಳು. ಅಷ್ಟೇ ಎನ್ನುವಾಗ ಅವಳ ದನಿಯೂ ಸರಿ ಇರಲಿಲ್ಲ. ಗುರುವಾರದ ವಿಮಾನ ರದ್ದಾಯಿತೆಂದು ಫೋನಿಗೆ ಸಂದೇಶ ಬಂತು. ಸದ್ಯ, ಆಕಾಶದಲ್ಲಿಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆ, ಹಾಗಾದರೆ ನೆಲದ ಮೇಲೆ ಹೇಗಿದ್ದಾಳೆ ಎಂಬ ಯೋಚನೆ ಶುರುವಾಯಿತು. ತಿಪ್ಪೇಶನದು ಶೀಟಿನ ಮನೆ. ಚಿಕ್ಕ ಕೂಸು ಬೇರೆ. ನಾನು ಸ್ಕೂಲಿಗೆ ಹೋದೆ, ಹಾಜರಿ ಕೂಗಿದೆ, ಕೂಗಿದ್ದನ್ನೇ ಮತ್ತೆ ಕೂಗಿದೆ. ಮಕ್ಕಳು ಎರಡು ಸಲವೂ ‘ಯಸ್ ಸಾರ್’ ಎಂದರು, ಒಬ್ಬರೂ ನಗಲಿಲ್ಲ. ಹೆಡ್‌ಮಾಸ್ಟರ್ ಬಂದು, ಮನೆಗೆ ಹೋಗ್ರಿ ಎಂದರು. ಮನೆಗೆ ಹೋಗಿ ಮಾಡುವುದೇನು, ಇಲ್ಲೇ ಇರ್ತೀನಿ ಸಾರ್ ಎಂದೆ.

ಶುಕ್ರವಾರ ಸಾಯಂಕಾಲ ಟೀ ಅಂಗಡಿಯಲ್ಲಿದ್ದಾಗ ಫೋನು ಬಡಿಯಿತು. “ರೀ, ಕರೆಂಟ್ ಇವಾಗ ಬಂತು. ಎಲ್ಲಾ ಚೆನ್ನಾಗಿದೀವಿ. ಉಂಡ್ರಾ?” ಎಂಬ ದನಿ. ನನ್ನ ಮುಖ ನೋಡಿ ಖಾದರ್ ಸಾಬರೇ ಫೋನು ತೆಗೆದುಕೊಂಡು, “ಊಟ ಆಗೈತಮ್ಮ, ನೀವು ಫಿಕರ್ ಮಾಡ್ಬೇಡ್ರಿ” ಎಂದರು. ಅದೇ ಹೊತ್ತಿಗೆ ಟೀವಿಯಲ್ಲಿ ಹವಾಮಾನದ ಹುಡುಗಿ ನಕ್ಷೆಯ ಮೇಲೆ ಹೊಸ ಗೆರೆ ಎಳೆಯುತ್ತಿದ್ದಳು. ಚಂಡಮಾರುತ ಚೆನ್ನೈ ಬಿಟ್ಟು ಉತ್ತರಕ್ಕೆ ತಿರುಗಿ, ಒಡಿಶಾ ಕಡೆಗೆ ಹೋಗುತ್ತಾ ಬಲ ಕಳೆದುಕೊಂಡಿತ್ತು. ಕರ್ನಾಟಕದಲ್ಲಿ ಒಣಹವೆ. “ಹೋಯ್ತು ಬಿಡ್ರಿ. ನಮ್ ನಸೀಬ್‌ನಾಗೆ ಇಲ್ಲ” ಎಂದು ಖಾದರ್ ಸಾಬರು ಚಾನೆಲ್ ಬದಲಿಸಿದರು. ಒಳಗೆ ಕುಣಿಯುತ್ತಿದ್ದ ನಾನು ಎಲ್ಲರ ಜೊತೆ ಮುಖ ಸಪ್ಪಗೆ ಮಾಡಿಕೊಂಡು ‘ಛೆ’ ಎಂದೆ. ಆ ‘ಛೆ’ಯನ್ನು ಹೇಳುವಾಗ ಅಣ್ಣನ ಹೊಲ ನೆನಪಾಗಿ, ಅದು ಅರ್ಧ ನಿಜವೂ ಆಯಿತು.

ಸೋಮವಾರ ಅವಳನ್ನು ಕರೆತರಲು ಬೆಂಗಳೂರಿಗೆ ಹೋದೆ. ಏರ್‌ಪೋರ್ಟಿನ ಬಾಗಿಲಿನಲ್ಲಿ, ಸೂಟುಬೂಟಿನವರ ನಡುವೆ, ಗಾಡಿ ತಳ್ಳಿಕೊಂಡು ಪದ್ಮ ಬಂದಳು. ಸ್ವಲ್ಪ ಕಪ್ಪಾಗಿದ್ದಳು, ಸ್ವಲ್ಪ ಇಳಿದಿದ್ದಳು. ನನ್ನನ್ನು ನೋಡಿದವಳೇ, ಹೇಗಿದ್ದೀರಿ ಎನ್ನಲಿಲ್ಲ. “ಊರಾಗೆ ಮಳೆ ಆತೇನ್ರಿ?” ಎಂದಳು. ನಾನು ಗಾಡಿಯನ್ನು ಕೈಗೆ ತೆಗೆದುಕೊಂಡು, ಬಸ್ಸು ಹೊರಡುತ್ತೆ ಬೇಗ ನಡಿ ಎಂದೆ. ಹಿರಿಯೂರು ದಾಟುವವರೆಗೆ ಕೂಸಿನ ಕಣ್ಣು, ಮೂಗು, ಅದು ಯಾರ ಹಾಗಿದೆ ಎಂಬುದರಲ್ಲೇ ಕಾಲ ಕಳೆಯಿತು. ಹಿರಿಯೂರು ದಾಟಿದ ಮೇಲೆ ಅವಳು ಹೊರಗೆ ನೋಡಿದಳು. ಕಿಟಕಿಯ ಹೊರಗೆ ಎರಡೂ ಕಡೆ ಹೊಲಗಳು ಬಿಸಿಲಿಗೆ ಬೆಳ್ಳಗೆ ಬಿದ್ದಿದ್ದವು.

“ಒಂದ್ ಹನಿನೂ ಬಿದ್ದಿಲ್ಲ” ಎಂದಳು.

“ಆ ಕಡೆ ತಿರುಗಿಹೋಯ್ತಂತೆ.”

“ಪ್ಲೇನ್ ಕ್ಯಾನ್ಸಲ್ ಆತು ಅಂತ ತಿಪ್ಪೇಶ ಕೇಳ್ಕಂಡ್ ಬಂದು ಹೇಳ್ದಾಗ ನಂಗೆ ಎಷ್ಟು ಖುಷಿಯಾತು ಗೊತ್ತೇನ್ರಿ? ಇಷ್ಟು ದೊಡ್ದಾಗಿ ಎದ್ದೈತೆ ಅಂದ್ರೆ ನಮ್ಮೂರಿಗೆ ಹೋಗೇ ಹೋಗುತ್ತೆ ಅಂತ. ಶೀಟು ಪಟಪಟ ಅಂತಿತ್ತು, ಕೂಸಿನ ಎದೆಗೆ ಅವುಚ್ಕಂಡು ಕೂತಿದ್ದೆ. ಆದ್ರೂ ನಾನು ಬರಾದು ತಡ ಆಗ್ಲಿ, ಇದು ಮೊದ್ಲು ಹೋಗ್ಲಿ, ಭಾವಯ್ಯ ಕಡ್ಲೆ ಬಿತ್ಲಿ ಅಂತ ಅದ್ನೇ ಬೇಡ್ಕಂತಿದ್ದೆ.” ಅವಳ ಕಣ್ಣಲ್ಲಿ ನೀರಿತ್ತು. ಸೆರಗಿನಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದಳು. “ನೀವೇನ್ ಕೇಳ್ಕಂಡ್ರಿ ದೇವ್ರ ಹತ್ರ?”

“ಮಳೆ ಬರ್ಲಿ ಅಂತ” ಎಂದೆ. ಮೊದಲ ಸಲದ ಮಟ್ಟಿಗೆ ಅದು ಸುಳ್ಳೂ ಅಲ್ಲ.

“ಬಾಯಿ ಮಾತಿಗೆ ಕೇಳಿರ್ತೀರಿ. ನಂಗೊತ್ತಿಲ್ವಾ ನಿಮ್ಮನ್ನ? ಅಂಗಡಿಗೆ ಹೋಗಿ ಒಂದು ಸಾಮಾನು ನೆಟ್ಟಗೆ ಕೇಳಾಕೆ ಬರಲ್ಲ ನಿಮಗೆ, ಇನ್ನು ದೇವ್ರನ್ನ ಏನ್ ಕೇಳ್ತೀರಿ. ಮನಸಿಟ್ಟು ಕೇಳಿದ್ರೆ ಕೊಡ್ದೆ ಇರ್ತಾನಾ ಅವ್ನು?”

ಮನಸ್ಸಿಟ್ಟು ಕೇಳಿದರೆ ಅವನು ಕೊಡುತ್ತಾನೆ ಎಂಬುದರಲ್ಲಿ ನನಗೆ ಆಗ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟಿದ್ದ. ಅದು ನನ್ನ ಪಕ್ಕದ ಸೀಟಿನಲ್ಲಿ ಕೂತು, ಚಳ್ಳಕೆರೆ ಬರುವವರೆಗೂ ನನ್ನನ್ನು ಬೈಯುತ್ತಲೇ ಬಂತು.